ಹರವಿನೊಳಗೊಂದು ಆಳ

ಅಮೆರಿಕದ ಕಾಲೇಜುಗಳಲ್ಲಿ ಪದವಿ ಎಂದರೆ ಸಾಮಾನ್ಯವಾಗಿ ನಾಲ್ಕು ವರ್ಷ, 120 ಕ್ರೆಡಿಟ್. ಅದರಲ್ಲಿ ಮೂರನೇ ಒಂದು ಪಾಲು, ಕೆಲವೆಡೆ ಇನ್ನೂ ಹೆಚ್ಚು, ಒಂದೇ ವಿಷಯಕ್ಕೆ ಮೀಸಲು. ಅರ್ಥಶಾಸ್ತ್ರ ಓದುವವರಿಗೆ ಏನು ಓದಬೇಕು, ಯಾವುದಾದ ಮೇಲೆ ಯಾವುದು ಎಂಬುದನ್ನೆಲ್ಲ ಅರ್ಥಶಾಸ್ತ್ರ ವಿಭಾಗವೇ ಗೊತ್ತುಮಾಡಿಟ್ಟಿರುತ್ತದೆ. ಅಂತರಶಿಸ್ತೀಯ ಅಧ್ಯಯನದ ಪದವಿಯಲ್ಲಿ ಈ ಆಸರೆ ಇಲ್ಲ. ಅಲ್ಲಿ ಹಲವು ವಿಭಾಗಗಳ ಕೋರ್ಸುಗಳನ್ನು ಕೂಡಿಸಿ ಪದವಿಯನ್ನು ವಿದ್ಯಾರ್ಥಿಯೇ ಕಟ್ಟಿಕೊಳ್ಳಬೇಕು. ಹಾಗೆ ಕಟ್ಟುವಾಗ ಹೆಚ್ಚಿನ ಕ್ರೆಡಿಟ್ ಎಲ್ಲಿಗೆ ಹೋಗಬೇಕು, ಕೊನೆಯ ವರ್ಷದ ದೊಡ್ಡ ಕೆಲಸ ಯಾವುದರ ಮೇಲೆ ನಿಲ್ಲಬೇಕು ಎಂದು ನಿರ್ಧರಿಸುವುದೇ ಕಾನ್ಸಂಟ್ರೇಷನ್ ಆಯ್ಕೆ. ಪದವಿಯ ಹೆಸರು ಎಲ್ಲರಿಗೂ ಒಂದೇ ಇದ್ದರೂ ಒಬ್ಬರ ಓದು ಇನ್ನೊಬ್ಬರದಕ್ಕಿಂತ ಬೇರೆಯಾಗುವುದು ಇಲ್ಲಿಯೇ.

ಸಂಸ್ಥೆಯಿಂದ ಸಂಸ್ಥೆಗೆ ಇದರ ವ್ಯವಸ್ಥೆ ಬದಲಾಗುತ್ತದೆ. ಹಾರ್ವರ್ಡ್ ಮತ್ತು ಬ್ರೌನ್ ವಿಶ್ವವಿದ್ಯಾಲಯಗಳಲ್ಲಿ, ಬೇರೆ ಕಡೆ ಮೇಜರ್ (ಮುಖ್ಯ ವಿಷಯ) ಎನ್ನುವುದನ್ನೇ ಕಾನ್ಸಂಟ್ರೇಷನ್ ಎನ್ನುತ್ತಾರೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಅಂತರಶಿಸ್ತೀಯ ಪದವಿಯಲ್ಲಿ ಎರಡು ಕ್ಷೇತ್ರಗಳನ್ನು ಆರಿಸಿಕೊಂಡು, ಅವೆರಡನ್ನೂ ಬೆಸೆಯುವ ಕೆಲವು ಕಡ್ಡಾಯ ಕೋರ್ಸುಗಳನ್ನು ಓದಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಗ್ಯಾಲಟಿನ್ ಸ್ಕೂಲಿನಲ್ಲಿ ಸಿದ್ಧ ಪಟ್ಟಿಯೇ ಇಲ್ಲ. ಕ್ಷೇತ್ರವನ್ನು ರೂಪಿಸುವವರೂ ಅದಕ್ಕೆ ಹೆಸರಿಡುವವರೂ ವಿದ್ಯಾರ್ಥಿಗಳೇ. ಆದ್ದರಿಂದ ಪಟ್ಟಿಯಿಂದ ಆರಿಸುವುದೋ, ಎರಡನ್ನು ಜೋಡಿಸುವುದೋ, ಹೊಸದಾಗಿ ಕಟ್ಟುವುದೋ ಎಂಬುದನ್ನು ಅರ್ಜಿ ಹಾಕುವ ಮೊದಲೇ ತಿಳಿದುಕೊಂಡಿರಬೇಕು. ಮೂರಕ್ಕೂ ಬೇಕಾಗುವ ತಯಾರಿ ಬೇರೆ ಬೇರೆ.

ಈ ವ್ಯವಸ್ಥೆ ಒಂದು ಹಳೆಯ ಜಗಳದಿಂದ ಹುಟ್ಟಿದ್ದು. 1869ರಿಂದ 1909ರವರೆಗೆ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್, ಗ್ರೀಕ್ ಮತ್ತು ಲ್ಯಾಟಿನ್ ಕಡ್ಡಾಯವಾಗಿದ್ದ ಹಳೆಯ ಪಠ್ಯಕ್ರಮವನ್ನು ಒಂದೊಂದಾಗಿ ಸಡಿಲಿಸಿ, ಬೇಕಾದದ್ದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ವಿದ್ಯಾರ್ಥಿಗಳಿಗೆ ಕೊಟ್ಟರು. 19ನೇ ಶತಮಾನ ಮುಗಿಯುವ ಹೊತ್ತಿಗೆ ಮೊದಲ ವರ್ಷದ ಇಂಗ್ಲಿಷ್ ಬರವಣಿಗೆಯನ್ನು ಬಿಟ್ಟರೆ ಕಡ್ಡಾಯ ಎನ್ನುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಹೊಸ ವಿಜ್ಞಾನಗಳಿಗೆ, ಆಧುನಿಕ ಭಾಷೆಗಳಿಗೆ ಕಾಲೇಜಿನ ಬಾಗಿಲು ತೆರೆದದ್ದು ಇದರಿಂದ ಆದ ಲಾಭ. ಆದರೆ ಬಹಳಷ್ಟು ವಿದ್ಯಾರ್ಥಿಗಳು ಹತ್ತಾರು ವಿಷಯಗಳ ಪ್ರಾಥಮಿಕ ಕೋರ್ಸುಗಳನ್ನಷ್ಟೇ ಓದಿ ಪದವಿ ಪಡೆದು ಹೊರಬೀಳತೊಡಗಿದರು. ಎಲಿಯಟ್ ನಂತರ ಬಂದ ಎ. ಲಾರೆನ್ಸ್ ಲೋವೆಲ್ 1910ರ ಸುಮಾರಿಗೆ ಇದಕ್ಕೊಂದು ಕಟ್ಟು ಹಾಕಿದರು. ಒಂದಷ್ಟು ಕೋರ್ಸುಗಳು ಒಂದೇ ಕ್ಷೇತ್ರದಲ್ಲಿ ಇರಲೇಬೇಕು, ಇನ್ನೊಂದಷ್ಟು ಬೇರೆ ಬೇರೆ ಕ್ಷೇತ್ರಗಳಲ್ಲಿ ಹರಡಿರಬೇಕು ಎಂಬುದು ಅವರ ನಿಯಮ. ಇಂದಿಗೂ ಅಮೆರಿಕದ ಬಹುತೇಕ ಕಾಲೇಜುಗಳ ಪಠ್ಯಕ್ರಮ ಈ ಚೌಕಟ್ಟಿನಲ್ಲಿಯೇ ಇದೆ. ಕುತೂಹಲದ ಸಂಗತಿಯೆಂದರೆ, ಹಾರ್ವರ್ಡಿನ ಅತ್ಯಂತ ಹಳೆಯ ಕಾನ್ಸಂಟ್ರೇಷನ್ ಒಂದೇ ವಿಷಯದ್ದಲ್ಲ. ಅದು 1906ರಲ್ಲಿ ಆರಂಭವಾದ ‘ಇತಿಹಾಸ ಮತ್ತು ಸಾಹಿತ್ಯ’. ಎರಡನ್ನು ಕೂಡಿಸಿ ಓದುವ ಆಸೆಗೆ ಕನಿಷ್ಠ ಅಷ್ಟು ವಯಸ್ಸಾಗಿದೆ.

1927ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ ನಡೆಸಿದ ಎಕ್ಸ್‌ಪೆರಿಮೆಂಟಲ್ ಕಾಲೇಜು ಇನ್ನೂ ಮುಂದೆ ಹೋಯಿತು. ಅಲ್ಲಿ ವಿಷಯವಾರು ಪಾಠಗಳನ್ನೇ ಕೈಬಿಟ್ಟು, ಮೊದಲ ವರ್ಷ ಪ್ರಾಚೀನ ಅಥೆನ್ಸ್ ನಗರವನ್ನು, ಎರಡನೇ ವರ್ಷ ಆಧುನಿಕ ಅಮೆರಿಕವನ್ನು ಇಡಿಯಾಗಿ ಓದಿಸಿದರು. ಎರಡರ ನಡುವೆ ಪ್ರತಿ ವಿದ್ಯಾರ್ಥಿಯೂ ತನಗೆ ಪರಿಚಯವಿರುವ ಒಂದು ಊರನ್ನು ಅದರ ಭೂಮಿ, ದುಡಿಮೆ, ಆಡಳಿತ, ಜನಜೀವನದ ಸಮೇತ ಅಧ್ಯಯನ ಮಾಡಿ ಬರೆಯಬೇಕಿತ್ತು. ಕಾಲೇಜು 1932ರಲ್ಲಿ ಮುಚ್ಚಿತು. ಆದರೆ ಒಂದು ಊರನ್ನೋ ಒಂದು ಪ್ರಶ್ನೆಯನ್ನೋ ನಡುವೆ ಇಟ್ಟುಕೊಂಡು ಶಾಸ್ತ್ರಗಳನ್ನು ಅದರ ಸುತ್ತ ಜೋಡಿಸುವ ಪದ್ಧತಿ ಅಲ್ಲಿಗೇ ನಿಲ್ಲಲಿಲ್ಲ.

ಅದಕ್ಕೆ ದೊಡ್ಡ ಅವಕಾಶ ಸಿಕ್ಕಿದ್ದು 1960ರ ದಶಕದ ಕೊನೆಯಲ್ಲಿ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಐರಾ ಮ್ಯಾಗಜೈನರ್ ಮತ್ತು ಎಲಿಯಟ್ ಮ್ಯಾಕ್ಸ್‌ವೆಲ್ ಎಂಬ ವಿದ್ಯಾರ್ಥಿಗಳು ಸಿದ್ಧಪಡಿಸಿದ ವರದಿಯ ಆಧಾರದ ಮೇಲೆ 1969ರಲ್ಲಿ ಮುಕ್ತ ಪಠ್ಯಕ್ರಮ ಜಾರಿಗೆ ಬಂತು. ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ವಿಷಯಗಳ ಪಟ್ಟಿ ಹೋಯಿತು. ಉಳಿದದ್ದು ಮುಖ್ಯವಾಗಿ ಕಾನ್ಸಂಟ್ರೇಷನ್. ಇರುವ ಯಾವುದೂ ಹೊಂದದಿದ್ದರೆ ಅಧ್ಯಾಪಕರೊಬ್ಬರ ಬೆಂಬಲದೊಂದಿಗೆ ಸ್ವಂತ ಕಾನ್ಸಂಟ್ರೇಷನ್ನಿನ ಪ್ರಸ್ತಾವ ಸಲ್ಲಿಸಿ ಸಮಿತಿಯ ಒಪ್ಪಿಗೆ ಪಡೆಯಬಹುದು. ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಶೈರ್ ಕಾಲೇಜು 1970ರಲ್ಲಿ ಬಾಗಿಲು ತೆರೆಯಿತು. ಅದು ವಿಭಾಗಗಳನ್ನೂ ಅಂಕಗಳನ್ನೂ ಬದಿಗಿಟ್ಟು, ಓದನ್ನು ಮೂರು ಹಂತವಾಗಿ ವಿಂಗಡಿಸಿತು: ಮೊದಲನೆಯದು ಹುಡುಕಾಟ, ಎರಡನೆಯದು ಕಾನ್ಸಂಟ್ರೇಷನ್, ಮೂರನೆಯದು ಇಡೀ ವರ್ಷದ ಒಂದು ಸ್ವತಂತ್ರ ಯೋಜನೆ. ಮರುವರ್ಷ ವಾಷಿಂಗ್ಟನ್ ರಾಜ್ಯದಲ್ಲಿ ಎವರ್‌ಗ್ರೀನ್ ಸ್ಟೇಟ್ ಕಾಲೇಜು, 1972ರಲ್ಲಿ ನ್ಯೂಯಾರ್ಕಿನಲ್ಲಿ ಮುಂದೆ ಗ್ಯಾಲಟಿನ್ ಸ್ಕೂಲ್ ಆದ ಕಾರ್ಯಕ್ರಮ ಶುರುವಾದವು.

ಆಯ್ಕೆಯ ಮಾತಿಗೆ ಬಂದರೆ, ಮೊದಲು ಕೇಳಬೇಕಾದದ್ದು ಯಾವ ವಿಷಯಗಳು ಇಷ್ಟ ಎಂದಲ್ಲ. ಹದಿನೆಂಟು–ಹತ್ತೊಂಬತ್ತರ ವಯಸ್ಸಿನಲ್ಲಿ ಚುರುಕಾದ ಯಾರಿಗೇ ಆಗಲಿ ಆರೇಳು ವಿಷಯ ಇಷ್ಟವಾಗುತ್ತವೆ. ಅವುಗಳನ್ನು ಒಂದರ ಪಕ್ಕ ಒಂದು ಬರೆದರೆ ಪಟ್ಟಿಯಾಗುತ್ತದೆಯೇ ಹೊರತು ಅಧ್ಯಯನ ಕ್ಷೇತ್ರವಾಗುವುದಿಲ್ಲ. ಒಂದೇ ಶಾಸ್ತ್ರದಿಂದ ಉತ್ತರಿಸಲಾಗದ, ಆದರೂ ಉತ್ತರ ಬೇಕೇಬೇಕು ಅನ್ನಿಸುವ ಪ್ರಶ್ನೆ ಯಾವುದು ಎಂದು ಕೇಳಿಕೊಂಡಾಗಲೇ ಕ್ಷೇತ್ರಕ್ಕೆ ಒಂದು ನಡು ಸಿಗುತ್ತದೆ. ಅಂತಹ ಪ್ರಶ್ನೆ ಹೇಗಿರುತ್ತದೆ ಎಂಬುದಕ್ಕೆ ಅರಿಜೋನಾ ರಾಜ್ಯವೇ ಒಳ್ಳೆಯ ಉದಾಹರಣೆ ಒದಗಿಸುತ್ತದೆ.

ಫೀನಿಕ್ಸ್ ಪಕ್ಕದ ಟೆಂಪಿಯಲ್ಲಿರುವ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬರುವ ವಿದ್ಯಾರ್ಥಿನಿಯೊಬ್ಬಳು ತನ್ನ ಆಸಕ್ತಿ ‘ನೀರು’ ಎನ್ನುತ್ತಾಳೆ ಎಂದುಕೊಳ್ಳೋಣ. ನೀರು ಎನ್ನುವುದು ತೀರಾ ದೊಡ್ಡ ಮಾತು. ರಸಾಯನಶಾಸ್ತ್ರದಿಂದ ಕಾವ್ಯದವರೆಗೆ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅದನ್ನು ‘ಮರುಭೂಮಿಯ ನಗರಕ್ಕೂ ಅದರ ಸುತ್ತಲ ಹೊಲಗಳಿಗೂ ನಡುವೆ ನದಿನೀರನ್ನು ಹಂಚುವ ನಿಯಮ ಎಲ್ಲಿಂದ ಬಂತು, ನೀರು ಕಡಿಮೆಯಾದಾಗ ಅದು ಏಕೆ ಕುಸಿಯುತ್ತದೆ’ ಎಂದು ಕಿರಿದಾಗಿಸಿದರೆ ಕೈಗೆ ಹಿಡಿತ ಸಿಗುತ್ತದೆ. ಆ ನದಿ ಕೊಲರಾಡೊ. 1922ರಲ್ಲಿ ಏಳು ರಾಜ್ಯಗಳ ನಡುವೆ ಆದ ಒಪ್ಪಂದ ನದಿಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ ನೀರನ್ನು ಗೊತ್ತುಮಾಡಿತು. ನಮ್ಮ ಲೆಕ್ಕದಲ್ಲಿ ಒಂದೊಂದು ಪಾಲು ಸುಮಾರು 327 ಟಿಎಂಸಿ ಅಡಿ. 1944ರ ಒಡಂಬಡಿಕೆಯಂತೆ ಮೆಕ್ಸಿಕೊಗೆ ಸುಮಾರು 65 ಟಿಎಂಸಿ ಬೇರೆ. ಈ ಹಂಚಿಕೆಯ ಹಿಂದಿದ್ದ ಅಂದಾಜು, ಮಳೆ ಚೆನ್ನಾಗಿ ಆದ ಕೆಲವು ವರ್ಷಗಳ ಅಳತೆಯನ್ನು ನಂಬಿ ಮಾಡಿದ್ದು.

ಆ ವರ್ಷಗಳು ಅಪರೂಪದ ಸಮೃದ್ಧಿಯವು ಎಂಬುದನ್ನು ಸಾಬೀತು ಮಾಡಿದ್ದು ಕಾನೂನೂ ಅಲ್ಲ, ಎಂಜಿನಿಯರಿಂಗೂ ಅಲ್ಲ, ಮರದ ಉಂಗುರಗಳು. ಸೂರ್ಯನ ಕಲೆಗಳ ಚಕ್ರದ ಗುರುತು ಸಿಕ್ಕೀತೇ ಎಂದು ಮರದ ಉಂಗುರಗಳನ್ನು ಅಳೆಯಹೊರಟ ಖಗೋಳವಿಜ್ಞಾನಿ ಎ.ಇ. ಡಗ್ಲಸ್, 1937ರಲ್ಲಿ ಟೂಸಾನ್‌ನ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಪ್ರಯೋಗಾಲಯ ಕಟ್ಟಿದ್ದರು. ಮಳೆಯಾದ ವರ್ಷ ಉಂಗುರ ದಪ್ಪ, ಬರದ ವರ್ಷ ಸಪೂರ. ಈ ವಿಧಾನದಿಂದ ಶತಮಾನಗಳ ಹಿಂದಿನವರೆಗೂ ನದಿಯ ಹರಿವನ್ನು ಲೆಕ್ಕ ಹಾಕಿದ ಸ್ಟಾಕ್‌ಟನ್ ಮತ್ತು ಜೇಕಬಿ ಎಂಬ ಸಂಶೋಧಕರು, ದೀರ್ಘಕಾಲದ ಸರಾಸರಿ ಸುಮಾರು 135 ಲಕ್ಷ ಎಕರೆ-ಅಡಿ ಮಾತ್ರ ಎಂದು 1976ರಲ್ಲಿ ತೋರಿಸಿದರು. ನಂತರದ ಅಧ್ಯಯನಗಳಲ್ಲಿ ಈ ಸಂಖ್ಯೆ ಸ್ವಲ್ಪ ಮೇಲೇರಿದರೂ 1922ರ ಅಂದಾಜಿನ ಹತ್ತಿರಕ್ಕೆ ಬರಲಿಲ್ಲ. ಅಂದರೆ ನದಿಯಲ್ಲಿ ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿಯಾಗಿತ್ತು. ಕೊಲರಾಡೊದ ನೀರನ್ನು ಫೀನಿಕ್ಸ್ ಮತ್ತು ಟೂಸಾನ್‌ಗೆ ತರುವ 540 ಕಿಲೋಮೀಟರಿನ ಸೆಂಟ್ರಲ್ ಅರಿಜೋನಾ ಕಾಲುವೆ 1993ರಲ್ಲಿ ಮುಗಿಯಿತು. 2021ರ ಆಗಸ್ಟ್‌ನಲ್ಲಿ ನದಿಯ ಇತಿಹಾಸದಲ್ಲಿ ಮೊದಲ ಬಾರಿಗೆ ಕೇಂದ್ರ ಸರ್ಕಾರ ನೀರಿನ ಕೊರತೆಯನ್ನು ಅಧಿಕೃತವಾಗಿ ಘೋಷಿಸಿದಾಗ, ಮರುವರ್ಷದ ಕಡಿತದಲ್ಲಿ ಅರಿಜೋನಾ 5.12 ಲಕ್ಷ ಎಕರೆ-ಅಡಿ, ಅಂದರೆ ಸುಮಾರು 22 ಟಿಎಂಸಿ ಕಳೆದುಕೊಂಡಿತು. ಹೆಚ್ಚು ಪೆಟ್ಟು ಬಿದ್ದದ್ದು ಫೀನಿಕ್ಸಿನ ನಲ್ಲಿಗಳಿಗಲ್ಲ, ಪಿನಾಲ್ ಕೌಂಟಿಯ ರೈತರಿಗೆ. ಇನ್ನೊಂದೆಡೆ, ಮೂಲನಿವಾಸಿಗಳ ನೀರಿನ ಹಕ್ಕನ್ನು ಎತ್ತಿಹಿಡಿದ 1908ರ ಸುಪ್ರೀಂ ಕೋರ್ಟ್ ತೀರ್ಪಿದೆ. ಹಿಲಾ ನದಿಯ ಮೂಲನಿವಾಸಿ ಸಮುದಾಯಕ್ಕೆ ನೀರು ಮರಳಿಸಿದ 2004ರ ಕಾನೂನಿದೆ.

ಇಷ್ಟನ್ನು ಮುಂದಿಟ್ಟುಕೊಂಡರೆ ಆ ವಿದ್ಯಾರ್ಥಿನಿಗೆ ಯಾವ ಎರಡು ಕ್ಷೇತ್ರ ಬೇಕು ಎಂಬುದು ತಾನಾಗಿ ಕಾಣತೊಡಗುತ್ತದೆ. ಹರಿವಿನ ಅಂದಾಜು ಹೇಗೆ ತಪ್ಪಿತು ಎಂಬುದೇ ಅವಳನ್ನು ಕಾಡುವ ಪ್ರಶ್ನೆಯಾದರೆ ಭೂಗೋಳ ಅಥವಾ ಭೂವಿಜ್ಞಾನ ಒಂದು ಕ್ಷೇತ್ರವಾಗಬೇಕು, ಅದರ ಜೊತೆಗೆ ಸಂಖ್ಯಾಶಾಸ್ತ್ರ ಬಿಡುವಂತಿಲ್ಲ. ಕಡಿತ ರೈತನ ಮೇಲೆಯೇ ಏಕೆ ಬಿತ್ತು ಎಂಬುದು ಮುಖ್ಯವಾದರೆ ರಾಜ್ಯಶಾಸ್ತ್ರ, ಕಾನೂನು, ಅರ್ಥಶಾಸ್ತ್ರದ ಕಡೆ ತೂಕ ಬೀಳುತ್ತದೆ. ಮೂಲನಿವಾಸಿಗಳ ಹಕ್ಕು ನಡುವೆ ಬಂದರೆ ಇತಿಹಾಸ ಮತ್ತು ಅಮೆರಿಕನ್ ಇಂಡಿಯನ್ ಅಧ್ಯಯನ. ನದಿ ಅದೇ ಆದರೂ ಪ್ರಶ್ನೆಯ ಒತ್ತು ಎಲ್ಲಿ ಎಂಬುದರ ಮೇಲೆ ಪದವಿಯೇ ಬದಲಾಗುತ್ತದೆ. ಕಾವೇರಿ ನೀರಿನ ಕುರಿತ 1924ರ ಮೈಸೂರು–ಮದ್ರಾಸ್ ಒಪ್ಪಂದವನ್ನೂ 2018ರ ಸುಪ್ರೀಂ ಕೋರ್ಟ್ ತೀರ್ಪಿನ 284.75 ಟಿಎಂಸಿಯನ್ನೂ ಕೇಳುತ್ತ ಬೆಳೆದ ಮಂಡ್ಯದ ಹುಡುಗಿಯೊಬ್ಬಳು ಅಲ್ಲಿಗೆ ಹೋದರೆ, ಈ ಪ್ರಶ್ನೆಯನ್ನು ಅವಳು ಅಲ್ಲಿಯವರಿಗಿಂತ ಬೇಗ ಹಿಡಿಯಬಲ್ಲಳು.

ಪ್ರಶ್ನೆಯ ನಂತರದ್ದು ವಿಧಾನ. ಅಂತರಶಿಸ್ತೀಯ ಪದವಿಗಳ ಮೇಲೆ ಬರುವ ಬಲವಾದ ಟೀಕೆ ಎಂದರೆ, ಇವುಗಳನ್ನು ಓದಿದವರಿಗೆ ಎಲ್ಲದರ ಪರಿಚಯ ಇರುತ್ತದೆ, ಯಾವುದನ್ನೂ ಮಾಡಲು ಬರುವುದಿಲ್ಲ ಎಂಬುದು. ಈ ಟೀಕೆಯಲ್ಲಿ ಸತ್ಯವಿದೆ. ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಅದರ ಬಗ್ಗೆ ಬೇರೆಯವರು ಬರೆದದ್ದನ್ನು ಓದಿ ಸಾರಾಂಶ ಬರೆಯುವುದಷ್ಟೇ ಬಂದರೆ ನಾಲ್ಕು ವರ್ಷ ವ್ಯರ್ಥ. ಕಾನ್ಸಂಟ್ರೇಷನ್ ಒಳಗೆ ಕನಿಷ್ಠ ಒಂದು ಕೆಲಸವನ್ನು ಕೈಯಾರೆ ಮಾಡಲು ಕಲಿತಿರಬೇಕು. ಅದು ಸಂಖ್ಯಾಶಾಸ್ತ್ರದ ವಿಶ್ಲೇಷಣೆ ಇರಬಹುದು, ಪ್ರಯೋಗಾಲಯದ ಕೆಲಸ ಇರಬಹುದು, ದಫ್ತರಗಳ ಹಳೆಯ ಕಾಗದ ಓದುವುದಿರಬಹುದು, ಜನರ ನಡುವೆ ಇದ್ದು ಮಾಡುವ ಕ್ಷೇತ್ರಕಾರ್ಯ ಇರಬಹುದು, ಒಂದು ಭಾಷೆ ಇರಬಹುದು. ಒಂದು ವಿಧಾನವನ್ನು ಮೇಲಿನ ಹಂತದ ಕೋರ್ಸುಗಳವರೆಗೆ ಒಯ್ದವರಿಗೆ ಉಳಿದ ಶಾಸ್ತ್ರಗಳ ಮಾತೂ ಬೇಗ ಅರ್ಥವಾಗುತ್ತದೆ, ಏಕೆಂದರೆ ಒಂದು ಶಾಸ್ತ್ರ ಪುರಾವೆ ಎಂದು ಯಾವುದನ್ನು ಒಪ್ಪುತ್ತದೆ, ಯಾವುದನ್ನು ತಳ್ಳುತ್ತದೆ ಎಂಬುದು ಅವರಿಗೆ ಒಳಗಿನಿಂದ ಗೊತ್ತಿರುತ್ತದೆ.

ಎ.ಕೆ. ರಾಮಾನುಜನ್ ಅವರ ವಿದ್ವತ್ ಜೀವನ ಇದಕ್ಕೆ ಕನ್ನಡಿಗರು ಬಲ್ಲ ನಿದರ್ಶನ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅವರು ಇಂಡಿಯಾನ ವಿಶ್ವವಿದ್ಯಾಲಯದಿಂದ 1963ರಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು, ಅವರ ಪ್ರಬಂಧ ಕನ್ನಡದ ವ್ಯಾಕರಣವನ್ನು ಕುರಿತದ್ದು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಅವರು ದಕ್ಷಿಣ ಏಷ್ಯಾದ ಭಾಷೆಗಳ ವಿಭಾಗದಲ್ಲಿ, ಭಾಷಾವಿಜ್ಞಾನದಲ್ಲಿ, ಜೊತೆಗೆ 1941ರಲ್ಲಿ ಸ್ಥಾಪನೆಯಾದ ಅಂತರಶಿಸ್ತೀಯ ‘ಕಮಿಟಿ ಆನ್ ಸೋಶಿಯಲ್ ಥಾಟ್’ನಲ್ಲಿ ಕೆಲಸ ಮಾಡಿದರು. ವಚನಗಳ ಅನುವಾದ, ಸಂಗಂ ಕಾವ್ಯ, ಜನಪದ ಕತೆ ಎಂದು ಅವರ ಹರವು ದೊಡ್ಡದು. ಆದರೆ ಆ ಎಲ್ಲ ಬರವಣಿಗೆಯ ಅಡಿಯಲ್ಲಿ ವಾಕ್ಯದ ರಚನೆಯನ್ನು ಬಿಡಿಸಿ ನೋಡುವ ಭಾಷಾವಿಜ್ಞಾನಿಯ ಕಣ್ಣು ಕೆಲಸ ಮಾಡಿದೆ.

ಮೂರನೆಯದು ಗುರುಗಳು. ಕೈಪಿಡಿಯಲ್ಲಿ ಕೋರ್ಸಿನ ಹೆಸರಿದ್ದ ಮಾತ್ರಕ್ಕೆ ಅದು ಪ್ರತಿ ವರ್ಷ ನಡೆಯುತ್ತದೆ ಎಂದಲ್ಲ. ಕಲಿಸುವವರು ರಜೆಯಲ್ಲಿರಬಹುದು, ಬೇರೆ ಕಡೆ ಹೋಗಿರಬಹುದು. ತನ್ನದೇ ಕ್ಷೇತ್ರವನ್ನು ಕಟ್ಟಹೊರಟವರು ಆ ಪ್ರಶ್ನೆಯ ಮೇಲೆ ನಿಜವಾಗಿ ಕೆಲಸ ಮಾಡುತ್ತಿರುವ ಇಬ್ಬರು ಅಧ್ಯಾಪಕರಾದರೂ ಕ್ಯಾಂಪಸ್ಸಿನಲ್ಲಿದ್ದಾರೆಯೇ, ಅವರು ಪದವಿ ವಿದ್ಯಾರ್ಥಿಗಳಿಗೆ ಸಮಯ ಕೊಡುತ್ತಾರೆಯೇ ಎಂದು ಮೊದಲ ವರ್ಷದಲ್ಲಿಯೇ ವಿಚಾರಿಸಬೇಕು. ಇಬ್ಬರೂ ಒಂದೇ ಶಾಸ್ತ್ರದವರಾಗಿರದಿದ್ದರೆ ಇನ್ನೂ ಮೇಲು. ಒಬ್ಬರು ಸರಿ ಎಂದದ್ದನ್ನು ಇನ್ನೊಬ್ಬರು ಪ್ರಶ್ನಿಸುವಾಗ ವಿದ್ಯಾರ್ಥಿ ಕಲಿಯುವುದು ಬಹಳ. ಸಲಹೆಗಾರರಿಲ್ಲದ ಅಂತರಶಿಸ್ತೀಯ ಪದವಿ ಸೊರಗುವುದನ್ನು ತಪ್ಪಿಸುವುದು ಕಷ್ಟ. ವಿಭಾಗದ ಆಸರೆ ಇಲ್ಲದ ಕಡೆ ಆ ಜಾಗವನ್ನು ತುಂಬಬಲ್ಲವರು ಅವರೊಬ್ಬರೇ.

ಆಯ್ಕೆಯನ್ನು ಬರೆದು ಒಪ್ಪಿಸುವ ಕ್ರಮ ಹೆಚ್ಚಿನ ಕಡೆ ಎರಡನೇ ವರ್ಷದಲ್ಲಿ ಬರುತ್ತದೆ. ಬ್ರೌನ್‌ನಲ್ಲಿ ನಾಲ್ಕನೇ ಸೆಮಿಸ್ಟರಿನೊಳಗೆ ಕಾನ್ಸಂಟ್ರೇಷನ್ ಘೋಷಿಸಬೇಕು. ಹ್ಯಾಂಪ್‌ಶೈರ್‌ನಲ್ಲಿ ಎರಡನೇ ಹಂತಕ್ಕೆ ಏರುವಾಗ ಅಧ್ಯಾಪಕರ ಸಮಿತಿಯ ಮುಂದೆ ಯೋಜನೆ ಇಟ್ಟು, ಕೊನೆಗೆ ಆ ಅವಧಿಯ ಕೆಲಸವನ್ನೆಲ್ಲ ಕಡತವಾಗಿ ಸಲ್ಲಿಸುವ ಪದ್ಧತಿ ಬೆಳೆಯಿತು. ಗ್ಯಾಲಟಿನ್‌ನ ಕ್ರಮ ಇವೆಲ್ಲಕ್ಕಿಂತ ಬಿಗಿ. ಅಲ್ಲಿ ಎರಡನೇ ವರ್ಷದಲ್ಲಿ ವಿದ್ಯಾರ್ಥಿ ತನ್ನ ಬೌದ್ಧಿಕ ಪಯಣವನ್ನೂ ಮುಂದಿನ ಓದಿನ ಯೋಜನೆಯನ್ನೂ ಬರೆದು ಕೊಡಬೇಕು. ಕೊನೆಯ ವರ್ಷದಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಕೃತಿಗಳ ಪಟ್ಟಿ ಮಾಡಿ, ಅವು ತನ್ನ ಪ್ರಶ್ನೆಗೆ ಹೇಗೆ ಸಂಬಂಧಿಸುತ್ತವೆ ಎಂದು ವಿವರಿಸಿ, ಅಧ್ಯಾಪಕರ ಮುಂದೆ ಕೂತು ದೀರ್ಘ ಮೌಖಿಕ ಪರೀಕ್ಷೆ ಎದುರಿಸಬೇಕು. ಪಟ್ಟಿಯಲ್ಲಿ ಆಧುನಿಕ ಯುಗಕ್ಕಿಂತ ಹಳೆಯ ಕೃತಿಗಳಿಗೆ ಇಂತಿಷ್ಟು ಜಾಗ ಇರಲೇಬೇಕು. ಫ್ಯಾಷನ್ ಉದ್ಯಮದ ದುಡಿಮೆಯ ಬಗ್ಗೆ ಓದುವವರು ಕೂಡ ಪ್ಲೇಟೋನನ್ನೋ ಮಹಾಭಾರತವನ್ನೋ ಎದುರುಗೊಳ್ಳಬೇಕಾಗಿ ಬರುವುದು ಈ ನಿಯಮದ ಚೆಲುವು. ತನ್ನ ಪ್ರಶ್ನೆ ನಿನ್ನೆ ಹುಟ್ಟಿದ್ದಲ್ಲ ಎಂದು ಅದು ವಿದ್ಯಾರ್ಥಿಗೆ ತಿಳಿಸಿಕೊಡುತ್ತದೆ. ಇಂತಹ ನಿಯಮ ಇಲ್ಲದ ಕಾಲೇಜಿನಲ್ಲಿಯೂ ವಿದ್ಯಾರ್ಥಿಗಳು ಸ್ವಂತಕ್ಕೆ ಹೀಗೊಂದು ಪಟ್ಟಿ ಮಾಡಿಕೊಂಡರೆ ಆಯ್ಕೆಯ ಗಟ್ಟಿತನ ಅವರಿಗೇ ಗೊತ್ತಾಗುತ್ತದೆ: ಹದಿನೈದು ಪುಸ್ತಕ ಹುಡುಕುವುದೂ ಕಷ್ಟವಾದರೆ ಪ್ರಶ್ನೆ ತೀರಾ ಕಿರಿದು, ನೂರು ಬರೆದರೂ ಮುಗಿಯದಿದ್ದರೆ ತೀರಾ ಹಿರಿದು.

ಎರಡು ಕ್ಷೇತ್ರ ಓದುವುದಕ್ಕೂ ಎರಡನ್ನು ಬೆಸೆಯುವುದಕ್ಕೂ ಅಂತರವಿದೆ. ಮನಶ್ಶಾಸ್ತ್ರದಲ್ಲಿ ಹತ್ತು ಕೋರ್ಸು, ವ್ಯವಹಾರ ಅಧ್ಯಯನದಲ್ಲಿ ಹತ್ತು ಕೋರ್ಸು ಮುಗಿಸಿ, ಎರಡೂ ಒಂದನ್ನೊಂದು ಮುಟ್ಟದೆಯೇ ಪದವಿ ಪಡೆಯುವುದು ಸಾಧ್ಯ. ಬಹಳ ಮಂದಿ ಹಾಗೆಯೇ ಪಡೆಯುತ್ತಾರೆ. ಈ ವಿಷಯದ ಪ್ರಮುಖ ಪಠ್ಯಪುಸ್ತಕ ಬರೆದ ಆಲನ್ ರೆಪ್ಕೊ ಒತ್ತಿ ಹೇಳುವುದು ಬೆಸುಗೆಯನ್ನು. ಒಂದೇ ಸಂಗತಿಯ ಬಗ್ಗೆ ಎರಡು ಶಾಸ್ತ್ರಗಳು ಬೇರೆ ಬೇರೆ ಮಾತಾಡುವಾಗ ಅವು ಎಲ್ಲಿ ಘರ್ಷಿಸುತ್ತವೆ ಎಂದು ಗುರುತಿಸಿ, ಎರಡಕ್ಕೂ ಸಮಾನವಾದ ನೆಲೆಯನ್ನು ಹುಡುಕುವುದು. ಅರ್ಥಶಾಸ್ತ್ರಜ್ಞರು ನೀರನ್ನು ಬೆಲೆಯಿಂದ ಹಂಚಬಹುದು ಎನ್ನುತ್ತಾರೆ. ಮೂಲನಿವಾಸಿ ಸಮುದಾಯಕ್ಕೆ ಅದು ಮಾರುವ ವಸ್ತುವೇ ಅಲ್ಲದಿರಬಹುದು. ಈ ಎರಡನ್ನೂ ಒಂದೇ ಪುಟದಲ್ಲಿಟ್ಟು ಯೋಚಿಸುವ ಕೊನೆಯ ವರ್ಷದ ಪ್ರಬಂಧವಿದ್ದರೆ ಅದು ಅಂತರಶಿಸ್ತೀಯ ಪದವಿ. ಆಯ್ಕೆ ಮಾಡುವಾಗಲೇ ಆ ಪ್ರಬಂಧ ಯಾವುದರ ಬಗ್ಗೆ ಇರಬಹುದು ಎಂದು ಒಂದು ಪುಟ ಬರೆದು ನೋಡುವುದು, ಕೋರ್ಸುಗಳ ಹೆಸರು ನೋಡಿ ಮರುಳಾಗುವುದಕ್ಕಿಂತ ಎಷ್ಟೋ ಉತ್ತಮ.

ಉದ್ಯೋಗದ ಲೆಕ್ಕವನ್ನೂ ಇಡಬೇಕು, ಅದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ. ಅಮೆರಿಕದ ವೈದ್ಯಕೀಯ ಕಾಲೇಜುಗಳು ಪದವಿಯಲ್ಲಿ ಇಂಥದ್ದೇ ಮೇಜರ್ ಇರಬೇಕು ಎನ್ನುವುದಿಲ್ಲ, ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರದ ನಿಗದಿತ ಕೋರ್ಸುಗಳು ಆಗಿರಬೇಕು. ಕಾನೂನು ಕಾಲೇಜುಗಳಿಗೆ ಅಂತಹ ಪೂರ್ವಷರತ್ತು ಇಲ್ಲ. ಸಂಶೋಧನಾ ಪದವಿಗೆ ಹೋಗುವವರಿಗೆ ಆಯಾ ಶಾಸ್ತ್ರದ ಮೇಲಿನ ಹಂತದ ಕೋರ್ಸುಗಳು ಬೇಕಾಗುತ್ತವೆ, ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಗಣಿತ ಇಲ್ಲದೆ ನಡೆಯದು. ಈ ಕೋರ್ಸುಗಳಲ್ಲಿ ಒಂದಾದ ಮೇಲೆ ಒಂದು ಬರಬೇಕಾದ ಸರಪಳಿ ಇರುವುದರಿಂದ ಎರಡನೇ ವರ್ಷದಲ್ಲಿ ಶುರು ಮಾಡದಿದ್ದರೆ ನಾಲ್ಕನೇ ವರ್ಷಕ್ಕೆ ಮುಗಿಯುವುದಿಲ್ಲ. ಕೆಲವು ಸಂಸ್ಥೆಗಳಲ್ಲಿ ಪ್ರಮಾಣಪತ್ರದ ಮೇಲೆ ಪದವಿಯ ಹೆಸರಷ್ಟೇ ಇರುತ್ತದೆ. ಹಾಗಾಗಿ ತನ್ನ ಕ್ಷೇತ್ರ ಏನೆಂದು ಎರಡೇ ವಾಕ್ಯದಲ್ಲಿ ಹೇಳಲು ವಿದ್ಯಾರ್ಥಿಗೆ ಬರಬೇಕು.

ಭಾರತದಿಂದ ಹೋಗುವವರಿಗೆ ಇನ್ನೆರಡು ಸಂಗತಿಗಳು ಮುಖ್ಯ. ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಪದವಿಯ ನಂತರ ಸಾಮಾನ್ಯವಾಗಿ 12 ತಿಂಗಳು ಕೆಲಸ ಮಾಡಲು ಅನುಮತಿ ಸಿಗುತ್ತದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಗೆ ಸೇರಿದ ಪದವಿಯಾದರೆ 2016ರ ನಿಯಮದಂತೆ ಇನ್ನೂ 24 ತಿಂಗಳು ವಿಸ್ತರಿಸಿಕೊಳ್ಳಬಹುದು. ಪಟ್ಟಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ವಿಶ್ವವಿದ್ಯಾಲಯ ಆ ಪದವಿಗೆ ಕೊಟ್ಟಿರುವ ಸಂಕೇತ ಸಂಖ್ಯೆ. ಕಾನ್ಸಂಟ್ರೇಷನ್ ದತ್ತಾಂಶ ವಿಜ್ಞಾನವೇ ಆಗಿದ್ದರೂ ಒಟ್ಟು ಪದವಿ ಸಾಮಾನ್ಯ ಅಂತರಶಿಸ್ತೀಯ ಸಂಕೇತದಡಿ ಇದ್ದರೆ ವಿಸ್ತರಣೆ ಸಿಗದೆ ಹೋಗಬಹುದು. ಇದನ್ನು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು. ಇನ್ನೊಂದು, ಊರಿಗೆ ಮರಳುವ ಯೋಚನೆ ಇರುವವರ ವಿಷಯ. ವಿದೇಶಿ ಪದವಿಗಳಿಗೆ ಸಮಾನತೆ ನೀಡುವ ಬಗ್ಗೆ ಯುಜಿಸಿ 2025ರಲ್ಲಿ ಹೊಸ ನಿಯಮಾವಳಿ ಪ್ರಕಟಿಸಿದೆ. ಆದರೆ ಸಮಾನತೆ ಸಿಕ್ಕರೂ ಇಲ್ಲಿನ ಸ್ನಾತಕೋತ್ತರ ತರಗತಿಗಳಲ್ಲಿ ಅನೇಕ ವಿಷಯಗಳಿಗೆ, ಪದವಿಯಲ್ಲಿ ಅದೇ ವಿಷಯವನ್ನು ಓದಿರಬೇಕು ಎಂಬ ಷರತ್ತು ಇದೆ. ಒಂದು ಪರಿಚಿತ ಶಾಸ್ತ್ರದಲ್ಲಿ ಸಾಕಷ್ಟು ಕ್ರೆಡಿಟ್ ಕೂಡಿಸಿಕೊಂಡಿದ್ದರೆ ಈ ತೊಡಕು ಕಡಿಮೆಯಾಗುತ್ತದೆ.

ಕರ್ನಾಟಕದ ಪದವಿ ಶಿಕ್ಷಣಕ್ಕೆ ಬಹುವಿಷಯದ ಓದು ಹೊಸದೇನಲ್ಲ. ಇತಿಹಾಸ–ಅರ್ಥಶಾಸ್ತ್ರ–ರಾಜ್ಯಶಾಸ್ತ್ರದ ಎಚ್‌ಇಪಿ, ಭೌತ–ರಸಾಯನ–ಗಣಿತದ ಪಿಸಿಎಂ, ರಸಾಯನ–ಸಸ್ಯ–ಪ್ರಾಣಿಶಾಸ್ತ್ರದ ಸಿಬಿಝಡ್ ಎಂದು ಮೂರು ಐಚ್ಛಿಕಗಳನ್ನು ಸರಿಸಮ ಓದಿದ ತಲೆಮಾರುಗಳು ಇಲ್ಲಿವೆ. ಅಲ್ಲಿ ಜೋಡಿಯನ್ನು ಕಾಲೇಜು ಗೊತ್ತುಮಾಡುತ್ತಿತ್ತು, ಮೂರನ್ನೂ ಒಂದು ಪ್ರಶ್ನೆಗೆ ಹಚ್ಚುವ ಕೆಲಸವನ್ನು ಮಾತ್ರ ಯಾರೂ ಹೇಳಿಕೊಡುತ್ತಿರಲಿಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ರಾಜ್ಯ 2021–22ರಲ್ಲಿ ಜಾರಿಗೆ ತಂದಾಗ ನಾಲ್ಕು ವರ್ಷದ ಪದವಿಯೂ ಮೇಜರ್, ಮೈನರ್, ಮುಕ್ತ ಐಚ್ಛಿಕ ಎಂಬ ಮಾತುಗಳೂ ನಮ್ಮ ಪ್ರಥಮ ದರ್ಜೆ ಕಾಲೇಜುಗಳಿಗೆ ಬಂದವು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ವಿಜ್ಞಾನ ಪದವಿ ಲೋವೆಲ್ ಹಾಕಿದ ಚೌಕಟ್ಟಿಗೆ ಹೆಚ್ಚು ಹತ್ತಿರ. ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಗಣಿತ, ಭೌತ, ರಸಾಯನ, ಜೀವಶಾಸ್ತ್ರಗಳ ಜೊತೆ ಎಂಜಿನಿಯರಿಂಗ್ ಮತ್ತು ಮಾನವಿಕಗಳನ್ನು ಓದಿ, ಆಮೇಲೆ ಮೇಜರ್ ಆರಿಸುತ್ತಾರೆ. ಆರಿಸುವ ಮೊದಲು ರುಚಿ ನೋಡಲು ಒಂದೂವರೆ ವರ್ಷ ಸಿಗುವುದು ಸಣ್ಣ ಅನುಕೂಲವಲ್ಲ.

ಒಮ್ಮೆ ಆರಿಸಿದ ಕಾನ್ಸಂಟ್ರೇಷನ್ ಬದಲಾಗಬಾರದು ಎಂಬ ನಿಯಮ ಹೆಚ್ಚಿನ ಕಡೆ ಇಲ್ಲ. ಎರಡನೇ ವರ್ಷದ ಕೊನೆಯವರೆಗೆ ಬದಲಾವಣೆಯಿಂದ ನಷ್ಟ ಕಡಿಮೆ. ಓದಿದ ಕೋರ್ಸುಗಳು ಮುಕ್ತ ಐಚ್ಛಿಕಗಳ ಲೆಕ್ಕಕ್ಕೆ ಜಮೆಯಾಗುತ್ತವೆ. ಮೂರನೇ ವರ್ಷದ ನಡುವೆ ಬದಲಾಯಿಸಿದರೆ ಹೊಸ ಕ್ಷೇತ್ರದ ಮೇಲಿನ ಹಂತದ ಕೋರ್ಸುಗಳಿಗೆ ಬೇಕಾದ ಪೂರ್ವಪಾಠಗಳೇ ಬಾಕಿ ಇರುತ್ತವೆ. ಆಗ ಒಂದು ಸೆಮಿಸ್ಟರ್ ಹೆಚ್ಚಾದರೂ ಅದರ ಶುಲ್ಕ, ವಾಸದ ಖರ್ಚು, ವೀಸಾ ಅವಧಿ ಎಲ್ಲವೂ ಸೇರಿಕೊಳ್ಳುತ್ತವೆ. ಅಂತಹ ಸಂದರ್ಭದಲ್ಲಿ ಇಡೀ ಕ್ಷೇತ್ರವನ್ನು ಕೈಬಿಡುವ ಮೊದಲು ಪ್ರಶ್ನೆಯನ್ನು ತಿದ್ದಿ ನೋಡುವುದು ಒಳ್ಳೆಯದು. ಕಲಿತ ವಿಧಾನವನ್ನು ಉಳಿಸಿಕೊಂಡು ಅದನ್ನು ಹಚ್ಚುವ ವಸ್ತುವನ್ನಷ್ಟೇ ಬದಲಿಸಿದರೆ ಕ್ರೆಡಿಟ್‌ಗಳು ಬಹುಪಾಲು ಉಳಿಯುತ್ತವೆ. ನದಿಯ ಹರಿವಿಗೆಂದು ಕಲಿತ ಸಂಖ್ಯಾಶಾಸ್ತ್ರವನ್ನು ನಗರದ ಬಿಸಿಲಿನ ಸಾವುಗಳ ಅಧ್ಯಯನಕ್ಕೆ ತಿರುಗಿಸಲು ಸಲಹೆಗಾರರ ಒಪ್ಪಿಗೆ ಮತ್ತು ತಿದ್ದಿದ ಯೋಜನೆಯ ಒಂದು ಪ್ರತಿ ಸಾಕಾಗುತ್ತದೆ.